ಅಮೆರಿಕದಲ್ಲಿ ದಿನವೂ ಮರೆಸಿ ಒಯ್ಯಲು ಮೊದಲ ಪಿಸ್ತೂಲಿನ ಆಯ್ಕೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಅಮೆರಿಕದಲ್ಲಿ ಮೊದಲ ಪಿಸ್ತೂಲು ಕೊಳ್ಳುವವರು ಹೆಚ್ಚಾಗಿ ಎಡವುವುದು ಒಂದೇ ಜಾಗದಲ್ಲಿ. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಚಿಕ್ಕದಾಗಿ, ಹಗುರವಾಗಿ ಕಾಣುವುದನ್ನು ಆರಿಸಿ ತರುತ್ತಾರೆ. ಗುಂಡು ಹಾರಿಸುವ ಅಭ್ಯಾಸದ ಜಾಗವಾದ ರೇಂಜಿನಲ್ಲಿ ಒಂದು ಪೆಟ್ಟಿಗೆ ಗುಂಡು ಮುಗಿಯುವಷ್ಟರಲ್ಲಿ ಹೆಬ್ಬೆರಳಿನ ಬುಡ ನೋಯತೊಡಗುತ್ತದೆ. ಪಿಸ್ತೂಲನ್ನು ಸೊಂಟದಲ್ಲಿಡುವ ಕವಚವಾದ ಹೋಲ್ಸ್ಟರ್ ಹುಡುಕಲು ಹೊರಟಾಗ ತಾವು ದಿನವೂ ತೊಡುವ ಬಟ್ಟೆಗೆ ಅದು ಹೊಂದುವುದಿಲ್ಲವೆಂದು ತಿಳಿಯುತ್ತದೆ. ಕೊನೆಗೆ ಪಿಸ್ತೂಲು ಡ್ರಾಯರ್ ಸೇರಿ, ಮಕ್ಕಳಿರುವ ಮನೆಯಾದರೆ ಹೊಸದೊಂದು ಅಪಾಯವಾಗಿ ಅಲ್ಲೇ ಉಳಿಯುತ್ತದೆ. ಕ್ರಮ ತಲೆಕೆಳಗಾದದ್ದೇ ಇದಕ್ಕೆಲ್ಲ ಮೂಲ. ಕಾನೂನು, ಮನೆ, ತರಬೇತಿ, ಉಡುಪು, ಕೈ ಇವನ್ನು ಇದೇ ಅನುಕ್ರಮದಲ್ಲಿ ವಿಚಾರಿಸಿಕೊಂಡು, ಆಮೇಲಷ್ಟೇ ಯಾವ ಕಂಪನಿಯ ಯಾವ ಮಾದರಿ ಎಂಬ ಪ್ರಶ್ನೆಗೆ ಬರಬೇಕು.

ಗ್ರೀನ್ ಕಾರ್ಡ್ ಅಥವಾ ಪೌರತ್ವ ಪಡೆದು ಅಲ್ಲಿ ನೆಲೆಸಿರುವ, ಕಾನೂನಿನ ಪ್ರಕಾರವೇ ಪಿಸ್ತೂಲು ಒಯ್ಯಲು ನಿರ್ಧರಿಸಿರುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ. ಒಯ್ಯುವುದು ಸರಿಯೋ ತಪ್ಪೋ ಎಂಬ ವಾದಕ್ಕೆ ಇಲ್ಲಿ ಕೈಹಾಕಿಲ್ಲ. ಆದರೆ ಮೊದಲ ಎರಡು ಹಂತಗಳಲ್ಲೇ ಕೆಲವರು ನಿಲ್ಲಬೇಕಾಗಬಹುದು, ನಿಂತರೆ ನಷ್ಟವೇನೂ ಇಲ್ಲ.

ಬೇಕಾಗುವ ಸಾಮಗ್ರಿ

ಪಿಸ್ತೂಲು ಈ ಪಟ್ಟಿಯಲ್ಲಿ ಒಂದು ವಸ್ತು ಮಾತ್ರ. ಅದರ ಜೊತೆಗೆ ಗಡುಸಾದ ಹೋಲ್ಸ್ಟರ್, ಬಾಗದ ದಪ್ಪ ಬೆಲ್ಟ್, ಗುಂಡು ತುಂಬಿ ಹಿಡಿಯೊಳಗೆ ಸೇರಿಸುವ ಮ್ಯಾಗಜಿನ್ ಕನಿಷ್ಠ ಎರಡು ಹೆಚ್ಚುವರಿ, ಬೀಗವಿರುವ ಉಕ್ಕಿನ ಪೆಟ್ಟಿಗೆ, ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ, ಅಭ್ಯಾಸಕ್ಕೆ ಮದ್ದಿಲ್ಲದ ಡಮ್ಮಿ ಗುಂಡುಗಳು, ಶುಚಿಗೊಳಿಸುವ ಸಲಕರಣೆ, ಕೆಲವು ನೂರು ಅಭ್ಯಾಸದ ಗುಂಡುಗಳು ಬೇಕು. ಪಿಸ್ತೂಲಿಗೆಂದು 500 ಡಾಲರ್ ಎತ್ತಿಟ್ಟವರು ಇವೆಲ್ಲಕ್ಕೂ ತರಬೇತಿಗೂ ಸೇರಿ ಇನ್ನೊಂದು ಅಷ್ಟೇ ಮೊತ್ತವನ್ನು ಎತ್ತಿಡಬೇಕು. ಹಣ ಸಾಲದಿದ್ದರೆ ಕೆಲವು ತಿಂಗಳು ಕಾಯುವುದು ಲೇಸು. ದುಬಾರಿ ಪಿಸ್ತೂಲಿಗೆ ಅಗ್ಗದ ಹೋಲ್ಸ್ಟರ್ ಜೋಡಿಸುವುದು ಉಳಿತಾಯವಾಗದು.

ಹಂತ 1: ವಲಸೆ ಸ್ಥಿತಿ ಮತ್ತು ರಾಜ್ಯದ ಕಾನೂನು

ಎಲ್ಲಕ್ಕಿಂತ ಮೊದಲು ನಿಮ್ಮ ವೀಸಾ ಯಾವುದೆಂದು ನೋಡಿಕೊಳ್ಳಿ. ಎಚ್-1ಬಿ, ಎಚ್-4, ಎಲ್-1, ಎಫ್-1, ಬಿ-2 ಮುಂತಾದ ತಾತ್ಕಾಲಿಕ ವೀಸಾದ ಮೇಲೆ ಇರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ತಮ್ಮ ವಶದಲ್ಲಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಯಾವುದಾದರೂ ರಾಜ್ಯದ ಊರ್ಜಿತ ಬೇಟೆ ಪರವಾನಗಿ ಇರುವವರಿಗೆ ವಿನಾಯಿತಿ ಉಂಟು. ಆದರೆ ಆ ಎಳೆಯನ್ನು ಹಿಡಿದು ದಿನವೂ ಪಿಸ್ತೂಲು ಒಯ್ಯಲು ಹೊರಡುವುದು ವಕೀಲರ ಸಲಹೆಯಿಲ್ಲದೆ ಮಾಡುವ ಕೆಲಸವಲ್ಲ. ವಾರಾಂತ್ಯದಲ್ಲಿ ಸಹೋದ್ಯೋಗಿಗಳೊಡನೆ ರೇಂಜಿಗೆ ಹೋಗಿ, ಬಾಡಿಗೆ ಪಿಸ್ತೂಲು ಹಿಡಿದು ಫೋಟೊ ತೆಗೆಸಿಕೊಂಡು ಹಂಚಿಕೊಳ್ಳುವ ತರುಣರಲ್ಲಿ ಅನೇಕರಿಗೆ ಇದು ಗೊತ್ತೇ ಇರುವುದಿಲ್ಲ. ಅಪರಾಧ ಸಾಬೀತಾದರೆ ಶಿಕ್ಷೆ 15 ವರ್ಷಗಳವರೆಗೆ ಇರಬಹುದು, ಗಡೀಪಾರಿಗೂ ದಾರಿಯಾಗಬಹುದು. ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಸರದಿಯಲ್ಲಿರುವವರು ವಲಸೆ ವಕೀಲರನ್ನು ಕೇಳದೆ ಮುಂದಿನ ಹೆಜ್ಜೆ ಇಡಬಾರದು.

ಗ್ರೀನ್ ಕಾರ್ಡ್ ಇರುವವರೂ ಪೌರರೂ ಪರವಾನಗಿ ಪಡೆದ ಅಂಗಡಿಯಿಂದ ಪಿಸ್ತೂಲು ಕೊಳ್ಳಲು 21 ವರ್ಷ ತುಂಬಿರಬೇಕು. ಗಾಂಜಾ ಸೇವನೆ ನಿಮ್ಮ ರಾಜ್ಯದಲ್ಲಿ ಕಾನೂನುಬದ್ಧವಾಗಿದ್ದರೂ ಫೆಡರಲ್ ಅರ್ಜಿ ಅದನ್ನು ಬೇರೆಯದೇ ಕಣ್ಣಿನಿಂದ ನೋಡುತ್ತದೆ. ಕೌಟುಂಬಿಕ ಹಿಂಸೆಯ ಪ್ರಕರಣದಲ್ಲಿ ಶಿಕ್ಷೆಯಾದವರು, ಅದು ಸಣ್ಣ ಅಪರಾಧವೆಂದು ದಾಖಲಾಗಿದ್ದರೂ ಸಹ, ಬಂದೂಕು ಹೊಂದುವಂತಿಲ್ಲ.

ಇನ್ನು ರಾಜ್ಯ. ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಪಿಸ್ತೂಲನ್ನು ಮರೆಸಿ ಒಯ್ಯಲು ಪರವಾನಗಿಯೇ ಬೇಕಿಲ್ಲ. 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಬ್ರೂಯೆನ್ ಪ್ರಕರಣದ ತೀರ್ಪು ಕೊಟ್ಟ ಮೇಲೆ ನ್ಯೂಯಾರ್ಕಿನಂಥ ರಾಜ್ಯಗಳು ಅರ್ಜಿದಾರರಿಂದ ವಿಶೇಷ ಕಾರಣ ಕೇಳುವಂತಿಲ್ಲ, ಆದರೆ ತರಬೇತಿಯ ಷರತ್ತನ್ನು ಬಿಗಿ ಮಾಡಿವೆ: ನ್ಯೂಯಾರ್ಕ್ 16 ಗಂಟೆಯ ಪಾಠ ಮತ್ತು 2 ಗಂಟೆಯ ರೇಂಜ್ ಅಭ್ಯಾಸ ಕೇಳುತ್ತದೆ, ಕ್ಯಾಲಿಫೋರ್ನಿಯಾ ಹೊಸ ಅರ್ಜಿದಾರರಿಂದ 16 ಗಂಟೆಯ ತರಬೇತಿ ಕೇಳುತ್ತದೆ. ಇಲಿನಾಯ್ ಆ ತೀರ್ಪಿಗೂ ಮೊದಲಿನಿಂದಲೇ 16 ಗಂಟೆ ಕೇಳುತ್ತಿದೆ. ಪರವಾನಗಿ ಬೇಡವೆನ್ನುವ ರಾಜ್ಯದಲ್ಲಿದ್ದರೂ ಅದನ್ನು ಪಡೆದುಕೊಳ್ಳುವುದೇ ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಒಂದು ರಾಜ್ಯದ ಪರವಾನಗಿಗೆ ಇನ್ನೊಂದು ರಾಜ್ಯದಲ್ಲಿ ಮನ್ನಣೆ ಸಿಗುವುದು ಆ ಕಾಗದವಿದ್ದಾಗಲೇ. ಶಾಲೆಯ ಸುತ್ತಲಿನ 1000 ಅಡಿಯ ಫೆಡರಲ್ ನಿರ್ಬಂಧದಿಂದ ವಿನಾಯಿತಿ ಸಿಗುವುದೂ ಆ ರಾಜ್ಯದ ಪರವಾನಗಿ ಇರುವವರಿಗೆ.

ಆಯ್ಕೆಗೆ ನೇರವಾಗಿ ತಗುಲುವ ಎರಡು ನಿಯಮಗಳನ್ನು ಈಗಲೇ ಬರೆದಿಟ್ಟುಕೊಳ್ಳಬೇಕು. ಕ್ಯಾಲಿಫೋರ್ನಿಯಾ, ಮ್ಯಾಸಚೂಸೆಟ್ಸ್‌ಗಳಲ್ಲಿ ಅನುಮೋದಿತ ಪಟ್ಟಿಯಲ್ಲಿರುವ ಮಾದರಿಗಳನ್ನಷ್ಟೇ ಅಂಗಡಿ ಮಾರಬಹುದು. ಈ ಎರಡೂ ರಾಜ್ಯಗಳಲ್ಲಿ, ಹಾಗೆಯೇ ನ್ಯೂಯಾರ್ಕ್, ನ್ಯೂಜೆರ್ಸಿಗಳಲ್ಲಿ ಮ್ಯಾಗಜಿನ್ 10 ಗುಂಡು ಮೀರುವಂತಿಲ್ಲ. 15 ಗುಂಡಿನ ಪಿಸ್ತೂಲಿನ ಹಿಂದೆ ವಾರಗಟ್ಟಲೆ ಓದಿದವರು ತಮ್ಮ ರಾಜ್ಯದಲ್ಲಿ ಅದು ಸಿಗುವುದೇ ಇಲ್ಲವೆಂದು ಕೌಂಟರಿನ ಮುಂದೆ ತಿಳಿದುಕೊಳ್ಳುವುದು ಅಪರೂಪವಲ್ಲ.

ಹಂತ 2: ಮನೆಯನ್ನು ಸಿದ್ಧಪಡಿಸುವುದು

ಅಮೆರಿಕದಲ್ಲಿ ಬಂದೂಕಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಮನೆಯಲ್ಲಿ ಯಾರಾದರೂ ಖಿನ್ನತೆಯಲ್ಲಿದ್ದರೆ, ಕೆಲಸ ಹೋಗಿಯೋ ದಾಂಪತ್ಯ ಮುರಿದೋ ಕುಸಿದಿದ್ದರೆ, ಕುಡಿತ ಕೈಮೀರಿದ್ದರೆ, ಆ ಕಾಲ ಕಳೆಯುವವರೆಗೆ ಪಿಸ್ತೂಲು ಮನೆಗೆ ಬರಬಾರದು. ಅಂಥ ಹೊತ್ತಿನಲ್ಲಿ ದೇಶದ ಯಾವ ಮೂಲೆಯಿಂದಲೂ 988 ಎಂಬ ಆತ್ಮಹತ್ಯೆ ತಡೆ ಸಹಾಯವಾಣಿಗೆ ಕರೆ ಮಾಡಬಹುದು.

ಉಕ್ಕಿನ ಪೆಟ್ಟಿಗೆ ಪಿಸ್ತೂಲಿಗಿಂತ ಮೊದಲೇ ಮನೆಗೆ ಬಂದು, ಗೋಡೆಗೋ ಮಂಚದ ಚೌಕಟ್ಟಿಗೋ ಬಿಗಿಯಾಗಿ ಕೂತಿರಬೇಕು. ಬಟ್ಟೆಗಳ ಅಡಿಯಲ್ಲಿ, ದೇವರ ಮನೆಯ ಅಟ್ಟದ ಮೇಲೆ, ಮಕ್ಕಳಿಗೆ ಎಟುಕದೆಂದು ನೀವು ನಂಬಿರುವ ಕಪಾಟಿನಲ್ಲಿ ಇಡುವುದಕ್ಕೆ ಭದ್ರತೆಯೆಂದು ಹೆಸರಿಡಲಾಗದು. ಚಕ್ಕುಲಿ ಡಬ್ಬ ಎಲ್ಲಿದೆಯೆಂದು ಪತ್ತೆಮಾಡುವ ಮಗು ಇದನ್ನೂ ಪತ್ತೆಮಾಡುತ್ತದೆ.

ಭಾರತೀಯ ಮನೆಗಳಿಗೇ ವಿಶೇಷವಾದ ಇನ್ನೊಂದು ತೊಡಕಿದೆ. ಗಂಡ ಪೌರನಾಗಿ ಹೆಂಡತಿ ಇನ್ನೂ ವೀಸಾದ ಮೇಲಿರಬಹುದು. ಊರಿನಿಂದ ಅಪ್ಪ ಅಮ್ಮ ಆರು ತಿಂಗಳಿಗೆ ಬಂದಿರಬಹುದು. ಪೆಟ್ಟಿಗೆಯ ಬೀಗದ ಅಂಕಿ ಅವರಿಗೂ ಗೊತ್ತಿದ್ದರೆ ಪಿಸ್ತೂಲು ಅವರ ವಶದಲ್ಲೂ ಇತ್ತೆಂದು ಕಾನೂನು ವಾದಿಸಬಹುದು. ಅಂಕಿ ಅಥವಾ ಕೀಲಿ ಕಾನೂನಿನ ಅರ್ಹತೆಯಿರುವ ವ್ಯಕ್ತಿಯ ಬಳಿ ಮಾತ್ರ ಇರಬೇಕು.

ಹಂತ 3: ಕೊಳ್ಳುವ ಮೊದಲೇ ತರಬೇತಿ

ಪಿಸ್ತೂಲು ಕೊಂಡ ಮೇಲೆ ತರಬೇತಿ ಎನ್ನುವುದು ವಾಡಿಕೆಯಲ್ಲಿರುವ ಕ್ರಮ, ತಪ್ಪು ಕ್ರಮ. ಪ್ರಮಾಣಪತ್ರವಿರುವ ಬೋಧಕರು ಹೊಸಬರಿಗೆಂದು ನಡೆಸುವ ತರಗತಿಗಳಲ್ಲಿ ಹೆಚ್ಚಿನವು ಪಿಸ್ತೂಲನ್ನು ಅವರೇ ಒದಗಿಸುತ್ತವೆ, ಮೊದಲು ‘.22’ ಅಳತೆಯ ಸಣ್ಣ ಗುಂಡಿನ ಪಿಸ್ತೂಲಿನಲ್ಲಿ ಕಲಿಸುವ ತರಗತಿ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. ಅದರ ಸದ್ದೂ, ಹಾರಿಸಿದಾಗ ಕೈಗೆ ಬರುವ ಒದೆತವೂ ಕಡಿಮೆಯಾದುದರಿಂದ ಬೆಚ್ಚಿಬೀಳುವ ಅಭ್ಯಾಸ ಕೈಗೆ ಹತ್ತುವುದಿಲ್ಲ.

ನಾಲ್ಕು ನಿಯಮಗಳು ಬಾಯಿಪಾಠವಾಗದೆ ಮುಂದಕ್ಕೆ ಹೋಗಬೇಡಿ. ಪ್ರತಿ ಬಂದೂಕನ್ನೂ ಗುಂಡು ತುಂಬಿದೆಯೆಂದೇ ಭಾವಿಸಬೇಕು. ನಾಶವಾದರೂ ಚಿಂತೆಯಿಲ್ಲ ಎನ್ನಲಾಗದ ಯಾವುದರ ಕಡೆಗೂ ನಳಿಕೆಯನ್ನು ತಿರುಗಿಸಬಾರದು. ಗುರಿ ಹಿಡಿಯಲು ಪಿಸ್ತೂಲಿನ ಮೇಲಿರುವ ಸೈಟ್ ಗುರಿಯ ಮೇಲೆ ಕೂರುವವರೆಗೆ ಬೆರಳು ಟ್ರಿಗರಿನ ಹೊರಗೇ ಇರಬೇಕು. ಗುರಿ ಯಾವುದು, ಅದರ ಹಿಂದೆ ಏನಿದೆ ಎಂಬುದು ಖಚಿತವಾಗಿರಬೇಕು. ಕೊಡಗಿನ ಮನೆಗಳಲ್ಲಿ ಕೋವಿಯೊಡನೆ ಬೆಳೆದವರಿಗೂ ಎರಡನೆಯ ನಿಯಮ ಹೊಸದಾಗಿ ಕಲಿಯುವಂಥದ್ದೇ. ಉದ್ದ ನಳಿಕೆಯ ಕೋವಿ ತಿರುಗಿದರೆ ಸುತ್ತಲಿನವರಿಗೆ ಕಾಣುತ್ತದೆ. ಒಂದು ಗೇಣೂ ಇಲ್ಲದ ಪಿಸ್ತೂಲು, ಮಣಿಕಟ್ಟು ಕೊಂಚ ಹೊರಳಿದರೆ ಸಾಕು, ಪಕ್ಕದವರನ್ನು ನೋಡುತ್ತಿರುತ್ತದೆ.

ಒಳಾಂಗಣ ರೇಂಜಿನಲ್ಲಿ ಕಿವಿಯೊಳಗೆ ಫೋಮ್ ಬೆಣೆ, ಅದರ ಮೇಲೆ ಇಯರ್‌ಮಫ್ ಹೀಗೆ ಎರಡು ಪದರ ರಕ್ಷಣೆ ಬೇಕು. ಕೊರಳು ತೆರೆದ ಅಂಗಿ ಬೇಡ: ಗುಂಡು ಹಾರಿದ ಮೇಲೆ ಹೊರಚಿಮ್ಮುವ ಅದರ ಖಾಲಿ ಬಿಸಿ ಕೋಶ ಅಂಗಿಯೊಳಗೆ ಬಿದ್ದಾಗ ಪಿಸ್ತೂಲು ಹಿಡಿದ ಕೈಯಿಂದಲೇ ಅದನ್ನು ಕೊಡವಿಕೊಳ್ಳಲು ಹೋಗುವುದು ಹೊಸಬರ ಅಪಾಯಕಾರಿ ಸಹಜ ಪ್ರತಿಕ್ರಿಯೆ. ಮುಗಿದ ಮೇಲೆ ತಣ್ಣೀರು ಮತ್ತು ಸೋಪಿನಿಂದ ಕೈಮುಖ ತೊಳೆಯದೆ ಏನನ್ನೂ ತಿನ್ನಬಾರದು, ಗುಂಡಿನ ಹೊಗೆಯಲ್ಲಿ ಸೀಸವಿರುತ್ತದೆ.

ಹಂತ 4: ಉಡುಪು ಮತ್ತು ಹೋಲ್ಸ್ಟರ್

ಪಿಸ್ತೂಲಿನ ಗಾತ್ರವನ್ನು ತೀರ್ಮಾನಿಸುವುದು ನೀವು ದಿನವೂ ತೊಡುವ ಬಟ್ಟೆ. ಒಂದು ವಾರ ನಿಮ್ಮ ಉಡುಪನ್ನು ಗಮನಿಸಿ ನೋಡಿ: ಅಂಗಿಯನ್ನು ಒಳಗೆ ಸೇರಿಸುತ್ತೀರೋ ಹೊರಗೆ ಬಿಡುತ್ತೀರೋ, ಎಷ್ಟು ಗಂಟೆ ಕುರ್ಚಿಯಲ್ಲಿ, ಎಷ್ಟು ಗಂಟೆ ಕಾರಿನಲ್ಲಿ, ನಿಮ್ಮ ಕಚೇರಿ ಪಿಸ್ತೂಲಿಗೆ ಒಪ್ಪುತ್ತದೆಯೋ ಇಲ್ಲವೋ. ಬಹುಪಾಲು ಕಂಪನಿಗಳು ಒಪ್ಪುವುದಿಲ್ಲ. ಹಾಗಿದ್ದಲ್ಲಿ ದಿನದ ಎಂಟು ಗಂಟೆ ಪಿಸ್ತೂಲು ಎಲ್ಲಿರುತ್ತದೆ ಎಂಬ ಪ್ರಶ್ನೆ ಏಳುತ್ತದೆ. ಕಾರಿನ ಗ್ಲವ್ ಬಾಕ್ಸ್ ಅದಕ್ಕೆ ಉತ್ತರವಲ್ಲ. ಸೀಟಿನ ಕಬ್ಬಿಣಕ್ಕೆ ತಂತಿಯಿಂದ ಬಿಗಿದ ಬೀಗದ ಪೆಟ್ಟಿಗೆ ಬೇಕು, ಅದೂ ನಿಮ್ಮ ರಾಜ್ಯದ ಕಾನೂನೂ ಆ ಪಾರ್ಕಿಂಗ್ ಜಾಗದ ನಿಯಮವೂ ಒಪ್ಪಿದರೆ. ಈ ಪ್ರಶ್ನೆಗೆ ತೃಪ್ತಿಕರ ಉತ್ತರ ಸಿಗದಿದ್ದರೆ ನಿಮ್ಮ ಅಗತ್ಯ ಮನೆಯಲ್ಲಿಡುವ ಪಿಸ್ತೂಲಿನದೇ ಹೊರತು ಒಯ್ಯುವ ಪಿಸ್ತೂಲಿನದಲ್ಲ.

ಪ್ಯಾಂಟಿನ ಒಳಬದಿಗೆ ಸಿಕ್ಕಿಸುವ ಹೋಲ್ಸ್ಟರ್ ಹೆಚ್ಚಿನವರಿಗೆ ಹೊಂದುತ್ತದೆ. ಬಲಗೈಯವರಾದರೆ ಬಲ ಸೊಂಟದ ಮೂಳೆಯ ಹಿಂದೆ, ಇಲ್ಲವೇ ಹೊಟ್ಟೆಯ ಮುಂದೆ ಹೊಕ್ಕುಳಿನ ಬಲಕ್ಕೆ. ಮುಂದೆ ಇಟ್ಟರೆ ಮರೆಸುವುದೂ ತೆಗೆಯುವುದೂ ಸುಲಭ, ಆದರೆ ನಳಿಕೆ ತೊಡೆಯ ದೊಡ್ಡ ರಕ್ತನಾಳದ ಕಡೆಗಿರುತ್ತದೆ; ಮೊದಲ ವರ್ಷ ಸೊಂಟದ ಬದಿಯನ್ನೇ ಆರಿಸಿಕೊಳ್ಳುವುದು ವಿವೇಕ. ಹೋಲ್ಸ್ಟರಿನಲ್ಲಿ ನೋಡಬೇಕಾದ ಗುಣಗಳು ಮೂರು: ಟ್ರಿಗರಿನ ಸುತ್ತಲಿನ ಕಟ್ಟನ್ನು ಪೂರ್ತಿ ಮುಚ್ಚಬೇಕು, ಪಿಸ್ತೂಲು ಹೊರಬಂದ ಮೇಲೂ ಬಾಯಿ ತೆರೆದೇ ಇರಬೇಕು, ತಲೆಕೆಳಗು ಮಾಡಿ ಅಲುಗಿಸಿದರೂ ಪಿಸ್ತೂಲು ಬೀಳಬಾರದು. ಕೈಡೆಕ್ಸ್ ಎಂಬ ಗಡುಸು ಪ್ಲಾಸ್ಟಿಕ್ಕಿನಿಂದ ನಿರ್ದಿಷ್ಟ ಮಾದರಿಗೆಂದೇ ಅಚ್ಚು ಹೊಯ್ದ ಹೋಲ್ಸ್ಟರುಗಳು ಈ ಮೂರನ್ನೂ ಪೂರೈಸುತ್ತವೆ. ಎಲ್ಲ ಪಿಸ್ತೂಲಿಗೂ ಒಂದೇ ಎಂದು ಮಾರುವ ಮೆತ್ತನೆಯ ನೈಲಾನ್ ಚೀಲ ಒಂದನ್ನೂ ಪೂರೈಸುವುದಿಲ್ಲ.

ಮರೆಸುವಾಗ ಹೊರಗೆ ಎದ್ದು ಕಾಣುವುದು ಹಿಡಿ; ನಳಿಕೆ ಪ್ಯಾಂಟಿನೊಳಗೆ ಇಳಿದು ಮರೆಯಾಗುತ್ತದೆ. ಆದ್ದರಿಂದ ನಳಿಕೆ ಅರ್ಧ ಇಂಚು ಉದ್ದವಿದ್ದರೆ ಕಷ್ಟವಿಲ್ಲ, ಹಿಡಿ ಅರ್ಧ ಇಂಚು ಉದ್ದವಿದ್ದರೆ ಬಾಗಿದಾಗ ಅಂಗಿಯ ಬೆನ್ನಿನಲ್ಲಿ ಮೊನೆ ಮೂಡುತ್ತದೆ. ಅಂಗಡಿಯಲ್ಲಿ ಪಿಸ್ತೂಲನ್ನು ಮಲಗಿಸಿ ಉದ್ದ ಅಳೆಯುವವರೇ ಹೆಚ್ಚು. ನಿಲ್ಲಿಸಿ ಎತ್ತರ ಅಳೆಯಬೇಕು.

ನಮ್ಮ ಉಡುಪಿನ ವಿಚಾರಕ್ಕೆ ಬಂದರೆ, ಜುಬ್ಬಾ ಅಥವಾ ಕುರ್ತಾದ ಕೆಳಗೆ ಏನು ಬೇಕಾದರೂ ಮರೆಯಾಗುತ್ತದೆ ಎಂಬುದು ನಿಜ, ಆದರೆ ಅದರ ಉದ್ದನೆಯ ಅಂಚು ಪಿಸ್ತೂಲನ್ನು ಹೋಲ್ಸ್ಟರಿಗೆ ಮರಳಿಸುವಾಗ ಒಳಗೆ ಸಿಕ್ಕಿಕೊಂಡು ಟ್ರಿಗರನ್ನು ಒತ್ತಬಲ್ಲದು. ದುಪಟ್ಟಾ, ಜಾಕೆಟ್ಟಿನ ಜೋತಾಡುವ ದಾರ ಇವೂ ಅಂಥವೇ. ಬಟ್ಟೆಯನ್ನು ಒಂದು ಕೈಯಿಂದ ಎದೆಯವರೆಗೆ ಎತ್ತಿಹಿಡಿದು, ಕಣ್ಣಿನಿಂದ ನೋಡುತ್ತ, ನಿಧಾನವಾಗಿ ಒಳಗಿಡಬೇಕು. ಬೇಗ ಒಳಗಿಟ್ಟವರಿಗೆ ಯಾರೂ ಬಹುಮಾನ ಕೊಡುವುದಿಲ್ಲ. ಲಾಡಿ ಕಟ್ಟುವ ಸಲ್ವಾರ್, ಪೈಜಾಮ, ಸೀರೆಯ ಲಂಗ ಇವು ಯಾವುವೂ ಹೋಲ್ಸ್ಟರಿನ ಭಾರ ತಾಳಲಾರವು. ಅಂಥ ಉಡುಪಿಗೆ ಹೊಟ್ಟೆಗೆ ಸುತ್ತುವ ಅಗಲ ಪಟ್ಟಿಯುಂಟು, ಆದರೆ ಟ್ರಿಗರನ್ನು ಮುಚ್ಚುವ ಗಡುಸು ಕವಚ ಅದರೊಳಗಿರಲೇಬೇಕು. ಕೈಚೀಲದಲ್ಲಿ ಒಯ್ಯುವುದನ್ನು ನಾನು ಶಿಫಾರಸು ಮಾಡಲಾರೆ: ಹೋಟೆಲಿನ ಕುರ್ಚಿಯ ಬೆನ್ನಿಗೆ ತಗುಲಿಹಾಕಿದ ಚೀಲವೂ, ಚಾಕೊಲೇಟಿಗಾಗಿ ಮಗು ಕೈಹಾಕುವ ಚೀಲವೂ ಅದೇ.

ಹಂತ 5: ಬಗೆ ಮತ್ತು ಗಾತ್ರ

ಇಲ್ಲಿಂದ ಮುಂದೆ ಒಂದು ಸೂತ್ರ ಹಿಡಿದು ನಡೆಯಿರಿ: ನಿಮ್ಮ ಉಡುಪಿನಲ್ಲಿ ಮರೆಯಾಗುವ ಪಿಸ್ತೂಲುಗಳ ಪೈಕಿ ದೊಡ್ಡದನ್ನು ಆರಿಸಬೇಕು. ಭಾರವಿರುವ ಪಿಸ್ತೂಲು ಒದೆತವನ್ನು ತಾನೇ ನುಂಗುತ್ತದೆ, ಉದ್ದ ಹಿಡಿಯಲ್ಲಿ ಕಿರುಬೆರಳಿಗೂ ಜಾಗವಿರುತ್ತದೆ, ಎರಡು ಸೈಟ್‌ಗಳ ನಡುವಿನ ಅಂತರ ಹೆಚ್ಚಿದಷ್ಟೂ ಗುರಿಯ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ.

ಹೋಲಿಸಿ ನೋಡಲು ಕೆಲವು ಪರಿಚಿತ ಮಾದರಿಗಳು. ಗ್ಲಾಕ್ 19 ಸುಮಾರು 670 ಗ್ರಾಂ, ನಳಿಕೆ 4 ಇಂಚು, 15 ಗುಂಡು. ಸೊಂಟದ ಅಳತೆಯೂ ಅಂಗಿಯ ಸಡಿಲವೂ ಒಪ್ಪುವವರಿಗೆ ಕಲಿಯಲು ಇದಕ್ಕಿಂತ ಸುಲಭದ್ದು ಕಡಿಮೆ. 2018ರಲ್ಲಿ ಬಂದ ಸಿಗ್ ಪಿ365 ಸುಮಾರು 500 ಗ್ರಾಂ, ನಳಿಕೆ 3.1 ಇಂಚು, 10 ಗುಂಡು. ಚಿಕ್ಕ ಪಿಸ್ತೂಲಿನಲ್ಲಿ ಹೆಚ್ಚು ಗುಂಡು ಎಂಬ ಬಗೆಗೆ ದಾರಿ ಮಾಡಿಕೊಟ್ಟದ್ದು ಅದು. ಪಿ365 ಎಕ್ಸ್ಎಲ್, ಗ್ಲಾಕ್ 43ಎಕ್ಸ್, ಸ್ಮಿತ್ ಆ್ಯಂಡ್ ವೆಸನ್ ಶೀಲ್ಡ್ ಪ್ಲಸ್, ಸ್ಪ್ರಿಂಗ್‌ಫೀಲ್ಡ್ ಹೆಲ್‌ಕ್ಯಾಟ್ ಇವು ಎರಡರ ನಡುವೆಯೋ ಸನಿಹದಲ್ಲೋ ಬರುತ್ತವೆ. ಭಾರತೀಯ ಮೈಕಟ್ಟಿನ ಬಹಳ ಮಂದಿ ಕೊನೆಗೆ ಈ ನಡುವಿನ ಗುಂಪಿಗೇ ಬಂದು ನಿಲ್ಲುತ್ತಾರೆಂಬುದು ನನ್ನ ಅಂದಾಜು.

ಕೌಂಟರಿನಲ್ಲಿ ಹೆಂಗಸರಿಗೆ ಐದು ಗುಂಡಿನ ಹಗುರ ರಿವಾಲ್ವರನ್ನೋ, ಅಂಗೈಯಲ್ಲಿ ಅಡಗುವ ರೂಗರ್ ಎಲ್‌ಸಿಪಿಯಂಥ ಪಿಸ್ತೂಲನ್ನೋ ತೋರಿಸುವ ಹಳೆಯ ಚಾಳಿ ಇನ್ನೂ ಹೋಗಿಲ್ಲ. ಸ್ಮಿತ್ ಆ್ಯಂಡ್ ವೆಸನ್ 642 ರಿವಾಲ್ವರ್ ನೋಡಲು ಸರಳ, ಕೆಟ್ಟುನಿಲ್ಲುವುದು ವಿರಳ. ಆದರೆ 400 ಗ್ರಾಂ ಆಸುಪಾಸಿನ ಅದರ ತೂಕಕ್ಕೆ ಒದೆತ ಜೋರು, ಟ್ರಿಗರ್ ಎಳೆತ ಸಾಮಾನ್ಯ ಪಿಸ್ತೂಲಿನ ಎರಡು ಪಟ್ಟಿನಷ್ಟು ಭಾರ, ಸೈಟ್ ಎಂದರೆ ಮೇಲಿನ ಒಂದು ಗೀರು. ಪಳಗಿದ ಕೈಗೆ ಒಪ್ಪುವ ಆಯುಧವನ್ನು ಮೊದಲ ಪಾಠಕ್ಕೆ ಕೊಟ್ಟಂತಾಗುತ್ತದೆ. ಪಿಸ್ತೂಲಿನ ಮೇಲೆ ಹಿಂದೆಮುಂದೆ ಜಾರುವ ಭಾಗವಾದ ಸ್ಲೈಡ್ ಎಳೆಯಲು ಬೆರಳಿನಲ್ಲಿ ಬಲವಿಲ್ಲದವರಿಗೆ, ಸಂಧಿವಾತ ಇರುವವರಿಗೆ, ಮೃದು ಸ್ಪ್ರಿಂಗಿನ ಶೀಲ್ಡ್ ಈಝಡ್‌ನಂಥ ಪಿಸ್ತೂಲುಗಳಿವೆ, ಅವನ್ನು ಮೊದಲು ಕೇಳಿ ನೋಡಬೇಕು.

ಗುಂಡು ಹಾರದಂತೆ ತಡೆಯುವ, ಕೈಯಿಂದ ಒತ್ತುವ ಸೇಫ್ಟಿ ಬೇಕೋ ಬೇಡವೋ ಎಂಬ ವಾದಕ್ಕೆ ಕೊನೆಯಿಲ್ಲ. ಇದ್ದರೆ ಪ್ರತಿ ಅಭ್ಯಾಸದಲ್ಲೂ ಅದನ್ನು ಇಳಿಸುವುದನ್ನು ಕೈಗೆ ರೂಢಿ ಮಾಡಿಸಬೇಕು; ಇಲ್ಲದಿದ್ದರೆ ಹೋಲ್ಸ್ಟರಿನ ಗಡುಸುತನದಲ್ಲಿ ಎಳ್ಳಷ್ಟೂ ರಾಜಿಯಾಗಬಾರದು. ಎರಡೂ ನಡೆಯುತ್ತದೆ.

ಹಂತ 6: ಅಂಗಡಿಯಲ್ಲಿ ಕೈಯ ಪರೀಕ್ಷೆ

ಮಾರುವವರು ಸ್ಲೈಡ್ ಎಳೆದು, ಒಳಗೆ ಗುಂಡು ಕೂರುವ ಕೋಣೆ (ಚೇಂಬರ್) ಖಾಲಿಯಿದೆಯೆಂದು ತೋರಿಸಿಯೇ ಪಿಸ್ತೂಲನ್ನು ಕೊಡಬೇಕು. ಕೊಟ್ಟ ಮೇಲೆ ನೀವೂ ಒಮ್ಮೆ ನೋಡಬೇಕು. ನಳಿಕೆಯನ್ನು ಯಾರೂ ಇಲ್ಲದ ದಿಕ್ಕಿಗೆ, ಅಂಗಡಿಯವರು ತೋರಿಸಿದ ಕಡೆಗೆ ತಿರುಗಿಸಿ, ಟ್ರಿಗರ್ ಒತ್ತಿ ನೋಡುವ ಮೊದಲು ಅನುಮತಿ ಕೇಳಿ.

ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಕವಲು ಹಿಡಿಯ ತುದಿಯವರೆಗೆ, ಸ್ಲೈಡಿನ ಕೆಳಗೆ ಎಷ್ಟು ಮೇಲೆ ಹೋಗಬಹುದೋ ಅಷ್ಟು ಮೇಲೆ ಕೂರಲಿ. ಆಗ ಪಿಸ್ತೂಲಿನ ಬೆನ್ನು ಮುಂಗೈಯ ಮೂಳೆಗೆ ನೇರವಾಗಿರಬೇಕು. ಟ್ರಿಗರನ್ನು ಮುಟ್ಟಲು ಹಿಡಿಯನ್ನು ಹೊರಳಿಸಬೇಕಾದರೆ ಅದು ನಿಮ್ಮ ಕೈಗೆ ದೊಡ್ಡದು. ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತೆ ಟ್ರಿಗರಿನ ಮೇಲೆ ಕೂರಬೇಕು. ಕಿರುಬೆರಳು ಗಾಳಿಯಲ್ಲಿ ತೂಗುತ್ತಿದ್ದರೆ ಹಿಡಿ ಚಿಕ್ಕದು. ಇನ್ನೊಂದು ಕೈಯ ಅಂಗೈಗೆ ಹಿಡಿಯ ಎಡಬದಿಯಲ್ಲಿ ಖಾಲಿ ಜಾಗ ಉಳಿದಿದೆಯೇ ಎಂದೂ ನೋಡಿ. ಒದೆತವನ್ನು ಹತೋಟಿಗೆ ತರುವುದು ಮುಖ್ಯವಾಗಿ ಆ ಕೈ.

ಸ್ಲೈಡ್ ಎಳೆಯಲಾರೆ ಎನ್ನುವವರಲ್ಲಿ ಹೆಚ್ಚಿನವರಿಗೆ ಬಲದ ಕೊರತೆ ಇರುವುದಿಲ್ಲ, ವಿಧಾನ ತಪ್ಪಿರುತ್ತದೆ. ಎರಡು ಬೆರಳಿನಿಂದ ಚಿವುಟಿ ಎಳೆಯುವ ಬದಲು ಎಡಗೈಯ ಇಡೀ ಅಂಗೈಯಿಂದ ಸ್ಲೈಡನ್ನು ಮೇಲಿನಿಂದ ಬಿಗಿಯಾಗಿ ಹಿಡಿದು, ಪಿಸ್ತೂಲನ್ನು ಎದೆಯ ಹತ್ತಿರ ತಂದು, ಬಲಗೈಯಿಂದ ಹಿಡಿಯನ್ನು ಮುಂದಕ್ಕೆ ನೂಕಬೇಕು. ಹೀಗೆ ಸತತವಾಗಿ ಹತ್ತು ಸಲ ಎಳೆಯಲಾಗದ ಪಿಸ್ತೂಲು ಬೇಡ. ಮ್ಯಾಗಜಿನ್ ಬಿಡಿಸುವ ಗುಂಡಿಯನ್ನೂ ಸ್ಲೈಡ್ ತಡೆಯುವ ಸನ್ನೆಕೋಲನ್ನೂ ಹಿಡಿತ ಸಡಿಲಿಸದೆ ಮುಟ್ಟಲಾಗುವುದೇ ಎಂದು ನೋಡಿ. ಎಡಚರು ಇದನ್ನು ವಿಶೇಷವಾಗಿ ಪರೀಕ್ಷಿಸಬೇಕು.

ಅಂಗಡಿಯಿಂದ ಎರಡೋ ಮೂರೋ ಹೆಸರುಗಳೊಡನೆ ಹೊರಬನ್ನಿ, ಪಿಸ್ತೂಲಿನೊಡನೆ ಬೇಡ. ಇವತ್ತೊಂದೇ ದಿನ ರಿಯಾಯಿತಿ ಎಂಬ ಮಾತು ಕೇಳಿದರೆ ಅದೇ ಎಚ್ಚರಿಕೆಯ ಗಂಟೆ.

ಹಂತ 7: ಬಾಡಿಗೆಗೆ ಪಡೆದು ಹಾರಿಸಿ ನೋಡುವುದು

ಇಡೀ ಆಯ್ಕೆಯಲ್ಲಿ ನಿರ್ಣಾಯಕವಾದದ್ದು ಈ ಹಂತ, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಅನೇಕ ರೇಂಜುಗಳಲ್ಲಿ ಒಂದೇ ಶುಲ್ಕಕ್ಕೆ ಹಲವು ಪಿಸ್ತೂಲುಗಳನ್ನು ಬದಲಿಸಿ ನೋಡಬಹುದು. ಒಬ್ಬರೇ ಮೊದಲ ಸಲ ಬಂದವರಿಗೆ ಬಾಡಿಗೆ ಕೊಡದ ರೇಂಜುಗಳೂ ಇವೆ. ಆತ್ಮಹತ್ಯೆ ತಡೆಯಲು ಅವರು ಇಟ್ಟುಕೊಂಡಿರುವ ನಿಯಮವದು, ಮುನಿಸಿಕೊಳ್ಳದೆ ಬೋಧಕರನ್ನೋ ಅನುಭವಿ ಗೆಳೆಯರನ್ನೋ ಜೊತೆಗೆ ಕರೆದೊಯ್ಯಿರಿ.

ಏಳು ಗಜ ದೂರದಲ್ಲಿ ಊಟದ ಕಾಗದದ ತಟ್ಟೆಯೊಂದನ್ನು ತೂಗುಹಾಕಿ, ಪ್ರತಿ ಪಿಸ್ತೂಲಿನಿಂದಲೂ ಒಂದು ಪೆಟ್ಟಿಗೆ, ಅಂದರೆ 50 ಗುಂಡು, ಅವಸರವಿಲ್ಲದೆ ಹಾರಿಸಿ. ಮೊದಲ ಹತ್ತು ಗುಂಡಿಗೂ ಕೊನೆಯ ಹತ್ತು ಗುಂಡಿಗೂ ಬೇರೆ ಬೇರೆ ತಟ್ಟೆ ಬಳಸಿ, ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ಹೊಂದುವ ಪಿಸ್ತೂಲಿನಲ್ಲಿ ಕೊನೆಯ ತಟ್ಟೆಯ ತೂತುಗಳು ಮೊದಲನೆಯದಕ್ಕಿಂತ ಹತ್ತಿರ ಬಂದಿರುತ್ತವೆ, ಏಕೆಂದರೆ ಕೈ ಕಲಿಯುತ್ತಿರುತ್ತದೆ. ಕೊನೆಯ ತಟ್ಟೆ ಚದುರಿಹೋಗಿದ್ದರೆ, ಕವಲಿನ ಚರ್ಮ ಕೆಂಪಾಗಿದ್ದರೆ, ಸಾಕಪ್ಪಾ ಎನಿಸಿದ್ದರೆ, ಆ ಪಿಸ್ತೂಲಿನಿಂದ ನೀವು ಅಭ್ಯಾಸ ಮಾಡುವುದಿಲ್ಲ. ಅಭ್ಯಾಸವಿಲ್ಲದ ಪಿಸ್ತೂಲನ್ನು ಒಯ್ಯುವುದು ನಿಮಗೂ ಬೇಡ, ದಾರಿಹೋಕರಿಗೂ ಬೇಡ.

ಬಲಗೈಯವರ ಗುಂಡುಗಳು ಒಂದೇ ಸಮನೆ ಕೆಳಗೆ ಎಡಕ್ಕೆ ಬೀಳುತ್ತಿದ್ದರೆ ಸೈಟನ್ನು ದೂರಬೇಡಿ. ಸದ್ದನ್ನು ನಿರೀಕ್ಷಿಸಿ ಕೈ ಮೊದಲೇ ಕುಕ್ಕುತ್ತಿದೆ ಎಂದರ್ಥ. ಜೊತೆಗಿರುವವರಿಂದ ಮ್ಯಾಗಜಿನ್ನಿನ ನಡುವೆ ಎಲ್ಲಾದರೂ ಒಂದು ಡಮ್ಮಿ ಗುಂಡು ತುಂಬಿಸಿ. ಅದು ಬಂದಾಗ ಸದ್ದಿಲ್ಲದ ಕ್ಷಣದಲ್ಲಿ ನಳಿಕೆಯ ತುದಿ ಕೆಳಕ್ಕೆ ಬಾಗುವುದನ್ನು ನೀವೇ ಕಾಣುವಿರಿ. ಇದು ತಿದ್ದಬಹುದಾದ ದೋಷ. ಆದರೆ ಒಂದು ಪಿಸ್ತೂಲಿನಲ್ಲಿ ಹೆಚ್ಚಾಗಿ, ಇನ್ನೊಂದರಲ್ಲಿ ಕಡಿಮೆ ಕಂಡರೆ ಆಯ್ಕೆ ಅಲ್ಲಿಗೆ ಮುಗಿಯಿತೆನ್ನಬಹುದು.

ಹಂತ 8: ಗುಂಡಿನ ಅಳತೆ

ಇದರ ಮೇಲೆ ಮಾತು ಬೆಳೆಸಬೇಕಿಲ್ಲ. 9 ಮಿಮೀ ತೆಗೆದುಕೊಳ್ಳಿ. ಎಫ್‌ಬಿಐ ‘.40’ ಅಳತೆಯನ್ನು ಬಿಟ್ಟು ಅದಕ್ಕೇ ಮರಳಿತು, ಅಭ್ಯಾಸದ ಗುಂಡು ಅಗ್ಗ, ಎಲ್ಲೆಡೆ ಸಿಗುತ್ತದೆ. ಒದೆತ ತಾಳಲಾರದವರಿಗೆ ‘.380’ ಉಂಟು. ಅಭ್ಯಾಸಕ್ಕೆ ತಾಮ್ರದ ಹೊದಿಕೆಯ ಸಾದಾ ಗುಂಡು. ಒಯ್ಯಲು ತುದಿ ಟೊಳ್ಳಾಗಿರುವ ಹಾಲೋ ಪಾಯಿಂಟ್, ಏಕೆಂದರೆ ಅದು ಒಳಗೆ ಅರಳಿ ನಿಲ್ಲುವುದರಿಂದ ಹಾಯ್ದುಹೋಗಿ ಹಿಂದಿರುವವರಿಗೆ ತಗಲುವ ಸಂಭವ ಕಡಿಮೆ. ಎಫ್‌ಬಿಐ ಪರೀಕ್ಷೆಯ ಮಾನದಂಡದಂತೆ, ಮಾಂಸವನ್ನು ಹೋಲುವ ಜೆಲ್ ಒಳಗೆ 12ರಿಂದ 18 ಇಂಚು ಇಳಿಯುವ, ಹೆಸರಾಂತ ತಯಾರಕರ ಗುಂಡನ್ನು ಆರಿಸಿ. ನ್ಯೂಜೆರ್ಸಿಯಲ್ಲಿ ಹಾಲೋ ಪಾಯಿಂಟ್ ಮೇಲೆ ಪ್ರತ್ಯೇಕ ನಿರ್ಬಂಧಗಳಿರುವುದರಿಂದ ಅಲ್ಲಿನವರು ಮೊದಲು ವಿಚಾರಿಸಬೇಕು.

ಹಂತ 9: ಕೊಳ್ಳುವ ದಿನ

ಅಂಗಡಿಯಲ್ಲಿ 4473 ಎಂಬ ಫೆಡರಲ್ ಫಾರಂ ತುಂಬಬೇಕು, ಆಮೇಲೆ ಹಿನ್ನೆಲೆ ಪರಿಶೀಲನೆ ನಡೆಯುತ್ತದೆ. ಗ್ರೀನ್ ಕಾರ್ಡಿನವರು ಕಾರ್ಡಿನ ಮೇಲಿರುವ ‘ಎ’ ಸಂಖ್ಯೆಯನ್ನು ಬರೆಯಬೇಕಾದುದರಿಂದ ಕಾರ್ಡನ್ನು ಮರೆಯಬಾರದು. ಬಹಳ ಮಂದಿ ವಾಪಸಾಗುವುದು ವಿಳಾಸದ ಕಾರಣಕ್ಕೆ: ಮನೆ ಬದಲಿಸಿರುತ್ತಾರೆ, ಡ್ರೈವಿಂಗ್ ಲೈಸೆನ್ಸಿನಲ್ಲಿ ಹಳೆಯ ವಿಳಾಸವೇ ಇರುತ್ತದೆ. ಹೊರಡುವ ಮೊದಲೇ ಅದನ್ನು ಸರಿಪಡಿಸಿಕೊಳ್ಳಿ. ಇಲಿನಾಯ್‌ನಲ್ಲಿ ಬಂದೂಕು ಹೊಂದಲು ರಾಜ್ಯ ಕೊಡುವ ಫಾಯಿಡ್ ಎಂಬ ಗುರುತಿನ ಕಾರ್ಡ್, ನ್ಯೂಜೆರ್ಸಿಯಲ್ಲಿ ಖರೀದಿ ಅನುಮತಿ ಹೀಗೆ ರಾಜ್ಯದ ಕಾಗದಗಳು ಬೇರೆ ಇರುತ್ತವೆ.

ಇನ್ನೊಬ್ಬರ ಹಣದಿಂದ, ಇನ್ನೊಬ್ಬರಿಗಾಗಿ, ನಿಮ್ಮ ಹೆಸರಿನಲ್ಲಿ ಕೊಳ್ಳುವುದು ಘೋರ ಅಪರಾಧ. ‘ನನ್ನ ವೀಸಾಗೆ ಆಗೋದಿಲ್ಲವಂತೆ, ನಿನ್ನ ಹೆಸರಲ್ಲಿ ತೆಗೆದುಕೊಡೋ’ ಎಂದು ಆಪ್ತ ಗೆಳೆಯನೇ ಕೇಳಿದರೂ ಇಲ್ಲವೆನ್ನಬೇಕು.

ಹಂತ 10: ಒಯ್ಯುವ ಮೊದಲಿನ ಪರೀಕ್ಷೆ

ಹೊಸ ಪಿಸ್ತೂಲನ್ನು ಬಿಚ್ಚಿ, ಕಾರ್ಖಾನೆಯ ಎಣ್ಣೆ ಒರೆಸಿ, ಕೈಪಿಡಿಯಲ್ಲಿ ಹೇಳಿದ ಜಾಗಗಳಿಗೆ ಮಾತ್ರ ಎಣ್ಣೆ ಹಚ್ಚಿ. ಬಳಿಕ ಕನಿಷ್ಠ 200 ಅಭ್ಯಾಸದ ಗುಂಡು, 50 ಒಯ್ಯುವ ಗುಂಡು, ನಿಮ್ಮಲ್ಲಿರುವ ಎಲ್ಲ ಮ್ಯಾಗಜಿನ್‌ಗಳಿಂದಲೂ ಅಡಚಣೆಯಿಲ್ಲದೆ ಹಾರಬೇಕು. ಒಂದೇ ಮ್ಯಾಗಜಿನ್ನಿನಲ್ಲಿ ಮತ್ತೆ ಮತ್ತೆ ಸಿಕ್ಕಿಕೊಂಡರೆ ದೋಷ ಅದರದ್ದು. ಗುರುತು ಹಾಕಲು ಪ್ರತಿ ಮ್ಯಾಗಜಿನ್ನಿಗೂ ಅಂಕಿ ಬರೆದಿಡಬೇಕು. ಎಲ್ಲದರಲ್ಲೂ ಸಿಕ್ಕಿಕೊಂಡರೆ ಮೊದಲು ಬೋಧಕರಿಗೆ ಕೊಟ್ಟು ಹಾರಿಸಿ ನೋಡಿ, ಏಕೆಂದರೆ ಮಣಿಕಟ್ಟು ಸಡಿಲವಿದ್ದರೂ ಚಿಕ್ಕ ಪಿಸ್ತೂಲುಗಳು ಸಿಕ್ಕಿಕೊಳ್ಳುತ್ತವೆ. ಅವರ ಕೈಯಲ್ಲೂ ಹಾಗೆಯೇ ಆದರೆ ತಯಾರಕರಿಗೆ ಹಿಂದಿರುಗಿಸಿ.

ಇದಾದ ಮೇಲೆ ಒಂದು ವಾರ ಖಾಲಿ ಪಿಸ್ತೂಲನ್ನು ಹೋಲ್ಸ್ಟರಿನಲ್ಲಿಟ್ಟು ಮನೆಯೊಳಗೇ ತೊಟ್ಟುಕೊಂಡಿರಿ. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತು ಏಳಿ, ಬಗ್ಗಿ ಶೂ ಕಟ್ಟಿ, ಮಗುವನ್ನು ಎತ್ತಿಕೊಳ್ಳಿ, ಮೇಲಿನ ಕಪಾಟಿಗೆ ಕೈಚಾಚಿ. ಅಂಗಿ ಎಲ್ಲಿ ಮೇಲೇರುತ್ತದೆ, ಎಲ್ಲಿ ಚುಚ್ಚುತ್ತದೆ ಎಂಬುದೆಲ್ಲ ಇಲ್ಲಿ ಹೊರಬೀಳುತ್ತದೆ. ಕೈ ಪದೇಪದೇ ಸೊಂಟದ ಕಡೆಗೆ ಹೋಗುತ್ತಿದ್ದರೆ ಬೆಲ್ಟ್ ಮೆತ್ತಗಿದೆ ಎಂದು ತಿಳಿಯಿರಿ; ಹಾಗೆ ಮುಟ್ಟಿಕೊಳ್ಳುವ ಅಭ್ಯಾಸವೇ ಹೊರಗಿನವರಿಗೆ ಗುಟ್ಟು ಬಿಟ್ಟುಕೊಡುತ್ತದೆ. ಡಮ್ಮಿ ಗುಂಡಿನೊಡನೆ ಟ್ರಿಗರ್ ಅಭ್ಯಾಸ ಮಾಡುವಾಗ ನಿಜವಾದ ಗುಂಡುಗಳು ಬೇರೆ ಕೋಣೆಯಲ್ಲಿರಬೇಕು. ಮುಗಿಸಿ ಗುಂಡು ತುಂಬಿದ ಮೇಲೆ ‘ಇನ್ನೊಂದೇ ಸಲ’ ಎಂದು ಎಳೆದಾಗಲೇ ಗೋಡೆಗಳಿಗೆ ತೂತು ಬೀಳುವುದು.

ಹಂತ 11: ದಿನನಿತ್ಯದ ಶಿಸ್ತು ಮತ್ತು ಪ್ರಯಾಣ

ಪಿಸ್ತೂಲು ಸೊಂಟದಲ್ಲಿದ್ದ ದಿನ ಒಂದು ಗುಟುಕು ಬಿಯರೂ ಬೇಡ. ಅಂಚೆ ಕಚೇರಿ, ಫೆಡರಲ್ ಕಟ್ಟಡ, ನ್ಯಾಯಾಲಯಗಳಿಗೆ ಒಯ್ಯುವಂತಿಲ್ಲ. ದೇವಸ್ಥಾನಗಳ ವಿಚಾರದಲ್ಲಿ ರಾಜ್ಯಕ್ಕೊಂದು ನಿಯಮ, ಅದರ ಮೇಲೆ ಆಡಳಿತ ಮಂಡಳಿಯ ನಿಯಮ ಬೇರೆ. ಯುಗಾದಿ, ರಾಜ್ಯೋತ್ಸವಗಳನ್ನು ಶಾಲೆಯ ಸಭಾಂಗಣ ಬಾಡಿಗೆಗೆ ಪಡೆದು ಮಾಡುವ ಕನ್ನಡ ಕೂಟಗಳಿಗೆ ಹೋಗುವಾಗ ಅದು ಶಾಲೆಯೆಂಬುದನ್ನು ಮರೆಯಬಾರದು. ಪೊಲೀಸರು ಕಾರು ತಡೆದರೆ ಎರಡೂ ಕೈ ಸ್ಟಿಯರಿಂಗ್ ಮೇಲಿರಲಿ; ಪಿಸ್ತೂಲಿದೆಯೆಂದು ಅವರು ಕೇಳದೆಯೇ ತಿಳಿಸಬೇಕೆಂಬ ನಿಯಮ ಕೆಲವು ರಾಜ್ಯಗಳಲ್ಲಿದೆ.

ಪ್ರತಿರಾತ್ರಿ ಗುಂಡು ತೆಗೆದು ಬೆಳಗ್ಗೆ ಅದೇ ಗುಂಡನ್ನು ಮತ್ತೆ ಕೋಣೆಗೆ ಏರಿಸುತ್ತಿದ್ದರೆ ಅದರ ತುದಿ ಕ್ರಮೇಣ ಕೋಶದೊಳಕ್ಕೆ ಕುಸಿಯುತ್ತದೆ, ಅಂಥ ಗುಂಡು ಹಾರಿದಾಗ ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ಪೆಟ್ಟಿಗೆಯ ಹೊಸ ಗುಂಡಿನ ಪಕ್ಕದಲ್ಲಿ ನಿಲ್ಲಿಸಿ ಎತ್ತರ ಹೋಲಿಸಿ, ಗಿಡ್ಡವಾಗಿದ್ದರೆ ಬಳಸಬೇಡಿ. ಹೋಲ್ಸ್ಟರಿನಲ್ಲಿಟ್ಟ ಹಾಗೆಯೇ ಪಿಸ್ತೂಲನ್ನು ಪೆಟ್ಟಿಗೆಗೆ ಸೇರಿಸಿದರೆ ಈ ಗೊಡವೆಯೇ ಇಲ್ಲ. ಬಟ್ಟೆಯ ನಾರು ಮತ್ತು ಧೂಳು ನಳಿಕೆಯಲ್ಲೂ ಸೈಟಿನಲ್ಲೂ ಕೂರುವುದರಿಂದ, ಹಾರಿಸದಿದ್ದರೂ ತಿಂಗಳಿಗೊಮ್ಮೆ ಒರೆಸಬೇಕು.

ಅಮೆರಿಕದ ಒಳಗಿನ ವಿಮಾನದಲ್ಲಿ ಒಯ್ಯುವುದಾದರೆ ಗುಂಡು ತೆಗೆದು, ಬೀಗ ಹಾಕಿದ ಗಡುಸು ಪೆಟ್ಟಿಗೆಯಲ್ಲಿಟ್ಟು, ಚೆಕ್-ಇನ್ ಕೌಂಟರಿನಲ್ಲಿ ಘೋಷಿಸಿ, ಚೆಕ್ ಮಾಡಿದ ಲಗೇಜಿನಲ್ಲೇ ಕಳಿಸಬೇಕು. ತಲುಪುವ ರಾಜ್ಯದ ಕಾನೂನನ್ನೂ ನೋಡಿಕೊಳ್ಳಬೇಕು. ಭಾರತಕ್ಕೆ ಒಯ್ಯುವ ಯೋಚನೆಯನ್ನೇ ಮಾಡಬೇಡಿ. ಅಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದ ಒಂದೇ ಒಂದು ಜೀವಂತ ಗುಂಡು ಚೀಲದಲ್ಲಿ ಸಿಕ್ಕರೂ ಎಫ್‌ಐಆರ್ ದಾಖಲಾಗಬಹುದು, ರಜೆಗೆಂದು ಬಂದವರು ವಕೀಲರ ಮನೆ ಅಲೆಯಬೇಕಾಗುತ್ತದೆ. ರೇಂಜಿಗೆ ಬಳಸಿದ ಬೆನ್ನುಚೀಲದ ಹೊಲಿಗೆಯ ಸಂದಿಯಲ್ಲಿ, ಜಾಕೆಟ್ಟಿನ ಒಳಜೇಬಿನಲ್ಲಿ ಗುಂಡೊಂದು ಉಳಿದಿರುವುದು ಯಾರಿಗೂ ನೆನಪಿರುವುದಿಲ್ಲ. ಆದಕಾರಣ ರೇಂಜಿಗೆಂದು ಒಂದು ಚೀಲ, ಒಂದು ಜಾಕೆಟ್ ಪ್ರತ್ಯೇಕವಾಗಿರಲಿ. ಅವುಗಳ ಮೇಲೆ ದೊಡ್ಡ ಅಕ್ಷರದಲ್ಲಿ ಗುರುತು ಹಾಕಿ, ಬೆಂಗಳೂರಿಗೆ ಹೊರಡುವಾಗ ಮನೆಯವರಾರೂ ತಪ್ಪಿ ಅವನ್ನು ಪ್ಯಾಕ್ ಮಾಡದಂತೆ ಗ್ಯಾರೇಜಿನಲ್ಲೇ ಇಡಬೇಕು.